ಕೇಳುವ ಕಸುಬು

ಜಾಹೀರಾತಿನವರ ಹತ್ತಿರ ಕೊಡಲು ಇರುವ ನಿಜವಾದ ಆಸ್ತಿ ಒಂದೇ: ಅಪರಿಚಿತನನ್ನು ನಿಲ್ಲಿಸಿ ಕೇಳುವ ಕಲೆ. ಸೇವೆಗೆ ಹೊರಟಾಗ ಅದೊಂದನ್ನು ಕಚೇರಿಯಲ್ಲೇ ಬಿಟ್ಟು ಉಳಿದದ್ದನ್ನೆಲ್ಲ ತರುತ್ತಾರೆ. ಸಸಿ ತರುತ್ತಾರೆ, ನೋಟ್‌ಬುಕ್ ತರುತ್ತಾರೆ, ಎದೆಯ ಮೇಲೆ ಕಂಪನಿಯ ಹೆಸರಿರುವ ಟೀ ಶರ್ಟು ತರುತ್ತಾರೆ.

*

ವಿಜಯಪುರದ ಸೊಲ್ಲಾಪುರ ರಸ್ತೆಯಂಥ ಕಡೆ ಜಾಹೀರಾತು ಏಜೆನ್ಸಿ ಎಂದರೆ ಗಾಜಿನ ಕಟ್ಟಡವಲ್ಲ. ಒಂದು ಮಳಿಗೆ, ಎರಡು ಕಂಪ್ಯೂಟರು, ನುಡಿ ಫಾಂಟು, ಕೋರೆಲ್ ಡ್ರಾ, ಮೂಲೆಯಲ್ಲಿ ನಿಲ್ಲಿಸಿದ ಫ್ಲೆಕ್ಸ್ ರೋಲು, ಬಾಗಿಲಾಚೆ ಕಟ್ಟಿಗೆ ಪಟ್ಟಿಗೆ ಮೊಳೆ ಹೊಡೆಯುವ ಹುಡುಗ. ಮುಂಜಾನೆ ಲಗ್ನಪತ್ರಿಕೆ, ಮಧ್ಯಾಹ್ನ ದ್ರಾಕ್ಷಿ ತೋಟದ ಔಷಧದ ಕರಪತ್ರ, ಸಂಜೆ ಯಾರದೋ ಶ್ರದ್ಧಾಂಜಲಿ. ದೊಡ್ಡೂರಿನ ಕಂಪನಿಗಳು ಪುಕ್ಕಟೆ ಮಾಡುವ ಕೆಲಸಕ್ಕೆ ‘ಪ್ರೊ ಬೊನೊ’ ಎಂದು ಲ್ಯಾಟಿನ್ ಹೆಸರಿಟ್ಟು ವರ್ಷದ ವರದಿಯಲ್ಲಿ ಅದಕ್ಕೊಂದು ಪುಟ ಕೊಡುತ್ತವೆ. ಇಲ್ಲಿ ಜಾತ್ರೆ ಕಮಿಟಿಯವರಿಗೋ ಕಿವುಡ ಮಕ್ಕಳ ಶಾಲೆಯವರಿಗೋ ‘ಇದರ್ದು ರೊಕ್ಕ ಬ್ಯಾಡ ಬಿಡ್ರಿ’ ಎಂದರೆ ಕರಾರು ಮುಗಿಯಿತು.

*

ರಕ್ತದಾನ ಶಿಬಿರದ ಫ್ಲೆಕ್ಸ್ ಒಂದನ್ನು ನಿಂತು ನೋಡಿ. ಮೇಲಿನ ಸಾಲಿನಲ್ಲಿ ದೇವರು, ಸ್ವಾಮಿಗಳು. ಅದರ ಕೆಳಗೆ ಸಚಿವರು, ಶಾಸಕರು, ಮಾಜಿಗಳು. ನಡುವೆ ಹುಟ್ಟುಹಬ್ಬದ ನಾಯಕ, ಆಳೆತ್ತರ. ಸುತ್ತ ದುಂಡನೆಯ ಚೌಕಟ್ಟುಗಳಲ್ಲಿ ಶುಭ ಕೋರುವ ಗೆಳೆಯರ ಬಳಗ: ಅರ್ಧ ಮಂದಿ ಕಪ್ಪು ಕನ್ನಡಕದಲ್ಲಿ, ಒಬ್ಬ ಫೋನಿನಲ್ಲಿ ಮಾತಾಡುತ್ತಿರುವ ಭಂಗಿಯಲ್ಲಿ. ಶಿಬಿರ ಎಲ್ಲಿ, ಎಂದು, ಎಷ್ಟು ಗಂಟೆಗೆ ಎಂಬುದು ತೀರ ತಳದಲ್ಲಿ, ಹಳದಿ ಪಟ್ಟಿಯ ಮೇಲೆ ಕೆಂಪು ಅಕ್ಷರದಲ್ಲಿ. ಐಲೆಟ್ ಹೊಡೆದು ತಂತಿ ಬಿಗಿದದ್ದೂ ಸರಿಯಾಗಿ ಅಲ್ಲೇ, ಹೀಗಾಗಿ ವೇಳೆ ಏಳೋ ಒಂಬತ್ತೋ ತಿಳಿಯದು. ರಕ್ತ ಕೊಡಲು ಮನಸ್ಸಿದ್ದವನಿಗೆ ಹದಿನಾಲ್ಕು ಮುಖಗಳ ಪರಿಚಯವಾಗುತ್ತದೆ, ವಿಳಾಸ ಸಿಗುವುದಿಲ್ಲ.

ಇಂಥ ಫ್ಲೆಕ್ಸಿಗೆ ಒಳ್ಳೆಯ ಡಿಸೈನರ್ ಮಾಡಬಹುದಾದ ಸೇವೆ ಅದನ್ನು ತಲೆಕೆಳಗು ಮಾಡುವುದು. ಆಮೇಲೆ ಆ ಬಳಗ ಅವನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ, ಅದು ಬೇರೆ ಮಾತು.

*

1996ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 1998ರ ಜನವರಿ 1ರಿಂದ ದೇಶದಲ್ಲಿ ದುಡ್ಡಿಗೆ ರಕ್ತ ಮಾರುವ ದಂಧೆ ಕಾನೂನಿನ ಪ್ರಕಾರ ನಿಂತಿತು. ಅಂದಿನಿಂದ ಆಸ್ಪತ್ರೆಗೆ ಬೇಕಾದ ರಕ್ತವನ್ನು ಕೇಳಿಯೇ ಪಡೆಯಬೇಕು. ಸೊಲ್ಲಾಪುರ ರಸ್ತೆಯಲ್ಲಿ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ತಿಕೋಟಾ, ಬಬಲೇಶ್ವರ, ಇಂಡಿ ಕಡೆಯಿಂದ ಬಂದ ಹೆರಿಗೆ, ಅಪಘಾತದ ಕೇಸುಗಳ ಹಿಂದೆಯೇ ಬಂದ ಸಂಬಂಧಿಕರು ಫೋನ್ ಹಿಡಿದು ‘ಓ ನೆಗೆಟಿವ್ ಯಾರದರ ಐತೇನೊ’ ಎಂದು ಊರಿಗೆಲ್ಲ ಕೇಳುವಾಗ ಅವರು ಮಾಡುತ್ತಿರುವುದೂ ಜಾಹೀರಾತೇ. ಸೋಪು ಮಾರುವವನ ಕೈಯಲ್ಲಿ ತಿರುಗಿ ಕೊಡಲು ಸೋಪಾದರೂ ಇರುತ್ತದೆ. ರಕ್ತ ಕೇಳುವವನ ಕೈಯಲ್ಲಿರುವುದು ಒಂದು ಬಿಸ್ಕತ್ ಪೊಟ್ಟಣ, ಒಂದು ಜ್ಯೂಸು.

*

ಕೊಳ್ಳುವುದಕ್ಕೆ ಬಾರದ್ದನ್ನು ಕೇಳಬಲ್ಲವನೇ ಜಾಹೀರಾತಿನವನು. ಉಳಿದವರು ದರಪಟ್ಟಿ ಓದುವವರು.

*

ಊರೊಳಗೆ ಹಲಗಿ ಬಡಿದು ಡಂಗುರ ಸಾರುತ್ತಿದ್ದವನು ನಮ್ಮ ಮೊದಲ ಸಾರ್ವಜನಿಕ ಪ್ರಚಾರಕ. ಕಂದಾಯ ಕಟ್ಟಬೇಕು, ಮೈಲಿ ಬೇನೆಗೆ ಚುಚ್ಚಿಸಿಕೊಳ್ಳಬೇಕು, ಮಂಗಳವಾರ ವಾರ ಹಿಡಿಯಬೇಕು, ಎಲ್ಲ ಅವನ ಬಾಯಿಂದಲೇ ಹೊರಡಬೇಕು. ಅದಕ್ಕೆ ಸಿಕ್ಕದ್ದು ಒಂದಿಷ್ಟು ಕಾಳುಕಡಿ. ‘ನಾ ಒಲ್ಲೆ’ ಎನ್ನುವ ಹಕ್ಕು ಅವನಿಗಿರಲಿಲ್ಲ; ಜಾತಿ ಅವನ ಹೆಗಲಿಗೆ ಹಲಗಿ ಹಾಕಿತ್ತು. ಅದನ್ನು ಊರು ಸೇವೆ ಎಂದು ಕರೆಯಿತು, ಅದು ಬಿಟ್ಟಿ ಚಾಕರಿಯಾಗಿತ್ತು. ಸಂವಿಧಾನದ 23ನೇ ವಿಧಿ ಬಿಟ್ಟಿಯನ್ನು ನಿಷೇಧಿಸಿದೆ. ಬಿಟ್ಟಿಗೂ ಸ್ವಯಂಸೇವೆಗೂ ನಡುವೆ ಇರುವ ಗೆರೆ ಗುರುತಿಸಲು ಒಂದೇ ಪ್ರಶ್ನೆ ಸಾಕು: ಇಲ್ಲ ಎಂದವನಿಗೆ ಏನಾಗುತ್ತದೆ?

*

‘ಶನಿವಾರ ಸೇವಾ ಕಾರ್ಯಕ್ರಮ, ಕಡ್ಡಾಯವಲ್ಲ’ ಎಂದು ಕಚೇರಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂದೇಶ ಬರುತ್ತದೆ. ಶನಿವಾರ ಹಾಜರಿ ತೆಗೆದುಕೊಳ್ಳುತ್ತಾರೆ.

*

ನೌಕರನ ರಜೆಯನ್ನು ದಾನ ಮಾಡಿದ ಮಾಲೀಕನಿಗೆ ಶಾಲು ಹೊದಿಸುವಾಗ ಫೋಟೊ ತೆಗೆಯುವ ಕೆಲಸವೂ ಅದೇ ನೌಕರನದು.

*

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ತನ್ನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಹಾಕಬೇಕು. ನೌಕರರು ದುಡಿದ ಗಂಟೆಗಳಿಗೆ ಬೆಲೆ ಕಟ್ಟಿ ಅದನ್ನೇ ಖರ್ಚು ಎಂದು ತೋರಿಸುವಂತಿಲ್ಲ. ಫ್ಲೆಕ್ಸ್ ಅಂಗಡಿಗೆ ಈ ಕಾಯ್ದೆ ಹತ್ತುವುದಿಲ್ಲ. ಹಾಗಾಗಿ ಅಲ್ಲಿ ನಡೆದದ್ದು ಯಾವ ಕಲಮಿನಡಿಯೂ ದಾಖಲಾಗುವುದಿಲ್ಲ, ಅದರಿಂದ ಯಾವ ತೆರಿಗೆಯೂ ಉಳಿಯುವುದಿಲ್ಲ. ಮಾಡಲೇಬೇಕಿಲ್ಲದ್ದನ್ನು ಮಾಡಿದವರು ಯಾರು ಎಂಬುದು ಇಲ್ಲಿ ಸ್ಪಷ್ಟ.

*

2021ರಲ್ಲಿ ಆ ಕಾಯ್ದೆಯ ನಿಯಮಗಳಿಗೆ ತಿದ್ದುಪಡಿಯಾಗಿ ಒಂದು ಮಾತು ಸೇರಿತು: ಮಾರುಕಟ್ಟೆಯ ಲಾಭಕ್ಕಾಗಿ ಪ್ರಾಯೋಜಕತ್ವ ವಹಿಸಿದ್ದು ಸಾಮಾಜಿಕ ಹೊಣೆಯ ಖಾತೆಗೆ ಬರುವುದಿಲ್ಲ. ಸರ್ಕಾರಿ ಅಧಿಸೂಚನೆಯಲ್ಲಿ ಇಷ್ಟು ಖಡಾಖಂಡಿ ನೀತಿಮಾತು ಸಿಗುವುದು ಅಪರೂಪ. ಕಾಯ್ದೆ ಹತ್ತದವರೂ ಒಮ್ಮೆ ಓದಿಕೊಳ್ಳಬಹುದು.

*

ಅಮೆರಿಕದಲ್ಲಿ 1942ರಲ್ಲಿ ಜಾಹೀರಾತಿನವರೆಲ್ಲ ಕೂಡಿ ಯುದ್ಧಕಾಲದ ಪ್ರಚಾರಕ್ಕೆ ಒಂದು ಮಂಡಳಿ ಕಟ್ಟಿದರು. ಯುದ್ಧ ಮುಗಿದ ಮೇಲೂ ಅದು ಉಳಿಯಿತು, ಕಾಡ್ಗಿಚ್ಚಿನಿಂದ ಹಿಡಿದು ಸೀಟ್ ಬೆಲ್ಟಿನವರೆಗೆ ಪುಕ್ಕಟೆ ಪ್ರಚಾರ ಮಾಡಿತು. ಶುರುವಾದದ್ದು ಸರ್ಕಾರದ ಮಾತನ್ನು ಸಾರುವುದಕ್ಕೆ ಎಂಬುದನ್ನು ಮರೆಯಬಾರದು. ಪುಕ್ಕಟೆ ಕೆಲಸ ಯಾರಿಗೆ ಮಾಡುತ್ತೇವೆ ಎಂಬುದು ಎಷ್ಟು ಮಾಡಿದೆವು ಎಂಬುದಕ್ಕಿಂತ ಮೊದಲು ಕೇಳಬೇಕಾದ ಮಾತು.

*

ಪ್ರಶಸ್ತಿಯ ಆಸೆ ಸೇವೆಗೆ ಸೇರಿದರೆ ಏನಾಗುತ್ತದೆ ಎಂಬುದಕ್ಕೆ 2009ರ ಬ್ರೆಜಿಲ್ ಸಾಕ್ಷಿ. ಅಲ್ಲಿಯ ಡಿಡಿಬಿ ಏಜೆನ್ಸಿ ವನ್ಯಜೀವಿ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್ ಹೆಸರಿನಲ್ಲಿ ಒಂದು ಜಾಹೀರಾತು ಮಾಡಿತು: ನ್ಯೂಯಾರ್ಕಿನ ಮೇಲೆ ಎರಗುತ್ತಿರುವ ಹತ್ತಾರು ವಿಮಾನಗಳು, ಸುನಾಮಿಯಲ್ಲಿ ಸತ್ತವರು ಸೆಪ್ಟೆಂಬರ್ 11ರ ದಾಳಿಗಿಂತ ನೂರು ಪಟ್ಟು ಎಂಬ ಅರ್ಥದ ಒಂದು ಸಾಲು. ಜಗತ್ತು ಉರಿದೆದ್ದಿತು. ಸಂಸ್ಥೆ ಕೈ ತೊಳೆದುಕೊಂಡಿತು, ಏಜೆನ್ಸಿ ಕ್ಷಮೆ ಕೇಳಿತು. ಬಡ ಸಂಸ್ಥೆಗಳು ಜಾಹೀರಾತಿನವರಿಗೆ ಇಷ್ಟವಾಗುವುದಕ್ಕೆ ಒಂದು ಕಾರಣವಿದೆ: ಸೋಪಿನ ಕಂಪನಿಯವನು ಬೇಡ ಎನ್ನುವ ಹುಚ್ಚಾಟಕ್ಕೆಲ್ಲ ಅವರು ಹೂಂ ಎನ್ನುತ್ತಾರೆ.

*

ಪುಕ್ಕಟೆ ಸಿಕ್ಕದ್ದಕ್ಕೆ ತಿದ್ದುಪಡಿ ಹೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಅನಾಥಾಶ್ರಮದ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದ್ದರೂ ‘ಛಲೋ ಆಗೇತ್ರಿ’ ಎಂದು ಕೈಮುಗಿದು ಒಯ್ಯುತ್ತಾರೆ. ಆದ್ದರಿಂದ ಬಿಲ್ ಬರೆಯಬೇಕು. ವಿನ್ಯಾಸಕ್ಕಿಷ್ಟು, ಪ್ರೂಫಿಗಿಷ್ಟು, ಪ್ರಿಂಟಿಗಿಷ್ಟು ಎಂದು ಪೂರ್ತಿ ಬರೆದು, ಕೊನೆಯ ಸಾಲಿನಲ್ಲಿ ಅಷ್ಟನ್ನೂ ಸೋಡಿ ಬಿಡಬೇಕು. ಆಗ ಆಶ್ರಮದವರು ಗಿರಾಕಿಯಾಗುತ್ತಾರೆ, ಗಿರಾಕಿಗೆ ತಕರಾರು ಮಾಡುವ ಹಕ್ಕು ಬರುತ್ತದೆ.

*

ದುಡ್ಡು ಕೊಡುವವನ ಕೆಲಸ ಬಂದೊಡನೆ ಸೇವೆಯ ಫೈಲು ಡೆಸ್ಕ್‌ಟಾಪಿನ ಮೂಲೆಗೆ ಸರಿಯುತ್ತದೆ. ಕ್ಷಯರೋಗದ ದಿನ ಮಾರ್ಚ್ 24. ಪೋಸ್ಟರು ತಯಾರಾಗುವುದು 26ಕ್ಕೆ.

*

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಬಂತು. ಮಾರುವ ವಸ್ತು ಏನೂ ಇಲ್ಲದ ಚಿತ್ರ. ಕಲ್ಪನೆ ಓಗಿಲ್ವಿ ಏಜೆನ್ಸಿಯ ಸುರೇಶ್ ಮಲಿಕ್ ಅವರದು, ಸಾಹಿತ್ಯ ಅದೇ ಕಂಪನಿಯ ಪೀಯೂಷ್ ಪಾಂಡೆಯವರದು, ಮೊದಲ ದನಿ ನಮ್ಮ ಗದಗ ಸೀಮೆಯ ಭೀಮಸೇನ ಜೋಶಿಯವರದು. ಹದಿನೇಳು ಕರಡು ತಿರಸ್ಕೃತವಾಗಿ ಹದಿನೆಂಟನೆಯದು ಒಪ್ಪಿಗೆಯಾಯಿತು ಎಂದು ಪಾಂಡೆ ಹೇಳಿಕೊಂಡಿದ್ದಾರೆ. ಸೇವೆಯ ಕೆಲಸ ಅಂದ ಮೇಲೆ ಮೊದಲ ಕರಡೇ ಸಾಕು ಎನ್ನುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

*

ಹಾಗೆ ನೋಡಿದರೆ ದಾನದಲ್ಲಿ ಕಸರು ಎಂಬುದು ಕಣ್ಣಿಗೆ ಕಾಣುವುದೇ ಇಲ್ಲ. ಹಳಸಿದ ಅನ್ನ ನೀಡಿದವನನ್ನು ಊರು ಬಯ್ಯುತ್ತದೆ. ಹಳಸಿದ ಐಡಿಯಾ ನೀಡಿದವನಿಗೆ ನೆನಪಿನ ಕಾಣಿಕೆ ಕೊಡುತ್ತದೆ.

*

2008ರಲ್ಲಿ ‘ಬೆಲ್ ಬಜಾವೋ’ ಪ್ರಚಾರ ಬಂತು. ಬ್ರೇಕ್‌ಥ್ರೂ ಎಂಬ ಸಂಸ್ಥೆಗಾಗಿ ಓಗಿಲ್ವಿ ಹಣ ಪಡೆಯದೆ ಮಾಡಿಕೊಟ್ಟದ್ದು. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಯನ್ನು ಹೊಡೆಯುವ ಸದ್ದು ಕೇಳುತ್ತದೆ. ಇತ್ತ ಒಬ್ಬ ಗಂಡಸು ಎದ್ದು ಹೋಗಿ ಕರೆಗಂಟೆ ಒತ್ತುತ್ತಾನೆ, ಏನೋ ಸಣ್ಣದೊಂದು ನೆಪ ಹೇಳುತ್ತಾನೆ, ಬರುತ್ತಾನೆ. ಅಷ್ಟೆ. ಟಿವಿಯಲ್ಲಷ್ಟೇ ಅಲ್ಲ, ವಿಡಿಯೊ ವ್ಯಾನ್ ಕಟ್ಟಿಕೊಂಡು ಕರ್ನಾಟಕದ ಊರುಗಳಲ್ಲೂ ತಿರುಗಿತು. ನಾನು ಕಂಡ ಪುಕ್ಕಟೆ ಪ್ರಚಾರಗಳಲ್ಲಿ ಇದಕ್ಕೆ ಮೊದಲ ಮಣೆ. ಏಕೆಂದರೆ ಅದು ‘ಮಹಿಳೆಯರನ್ನು ಗೌರವಿಸಿ’ ಎಂದು ಭಾಷಣ ಮಾಡಲಿಲ್ಲ, ಅಂಥ ಗೋಡೆಬರಹ ನಮ್ಮಲ್ಲಿ ಬೇಕಾದಷ್ಟಿದೆ. ನೋಡುವವನಿಗೆ ಒಂದು ಕೆಲಸ ಹಚ್ಚಿತು, ಅದೂ ಅವನ ಕೈಗೆ ನಿಲುಕುವಂಥದ್ದು. ಹೊಡೆಯುವವನ ಜೊತೆ ಜಗಳಕ್ಕೆ ಬೀಳು ಎನ್ನಲಿಲ್ಲ. ಬಾಗಿಲು ತೆರೆಯುವ ಆ ಅರ್ಧ ನಿಮಿಷ ಹೊಡೆತ ನಿಲ್ಲುತ್ತದೆ, ಹೊರಗೆ ಕೇಳಿಸುತ್ತಿದೆ ಎಂಬುದು ಒಳಗಿನವನಿಗೆ ಗೊತ್ತಾಗುತ್ತದೆ. ಕಸುಬು ಬಲ್ಲವನ ದಾನ ಇದು. ಸಸಿ ನೆಡುವುದನ್ನು ಯಾರು ಬೇಕಾದರೂ ಮಾಡಿಯಾರು.

*

ಆದರೂ ನಮ್ಮ ಓಣಿಗಳಲ್ಲಿ ಎಷ್ಟೋ ಮನೆಗೆ ಕರೆಗಂಟೆಯಿಲ್ಲ, ಬಾಗಿಲು ತೆರೆದೇ ಇರುತ್ತದೆ. ಹೊಡೆತ ಎಲ್ಲರಿಗೂ ಕಾಣಿಸುತ್ತದೆ. ಮುಂಬೈಯಲ್ಲಿ ಹುಟ್ಟಿದ ಐಡಿಯಾ ಇಲ್ಲಿಗೆ ಬರುವಾಗ ದನಿ ಮಾತ್ರ ಕನ್ನಡವಾದರೆ ಸಾಲದು, ಮನೆಯ ರಚನೆಯೂ ಬದಲಾಗಬೇಕು. ಆ ಕೆಲಸ ಮಾಡಬಲ್ಲವನು ಇಲ್ಲಿಯ ಡಿಟಿಪಿ ಅಂಗಡಿಯಲ್ಲಿ ಕೂತಿದ್ದಾನೆ. ಅವನನ್ನು ಯಾರೂ ಕೇಳುವುದಿಲ್ಲ, ಅನುವಾದ ಬೆಂಗಳೂರಿನಲ್ಲಿ ಆಗಿಹೋಗಿರುತ್ತದೆ.

*

ಪೋಲಿಯೊ ಹನಿ ಹಾಕಿಸಿ ಎಂದು ಅಮಿತಾಭ್ ಬಚ್ಚನ್ ಟಿವಿಯಲ್ಲಿ ಬಯ್ದರು, ದೇಶ ಕೇಳಿತು. 2011ರ ಜನವರಿ 13ರ ನಂತರ ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಹೊಸ ಪ್ರಕರಣ ಬರಲಿಲ್ಲ. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಜಾಹೀರಾತು ಲೋಕ ಇದನ್ನು ತನ್ನ ಗೆಲುವು ಎಂದು ಹೇಳಿಕೊಳ್ಳುವುದುಂಟು, ಪಾಲು ಇಲ್ಲದೆ ಇಲ್ಲ. ಆದರೆ ಹೆಗಲಿಗೆ ಲಸಿಕೆ ಪೆಟ್ಟಿಗೆ ಹಾಕಿಕೊಂಡು ತೋಟದ ಮನೆಗಳಿಗೂ ಕಬ್ಬು ಕಡಿಯುವವರ ಗುಡಿಸಲಿಗೂ ಹೋಗಿ, ಕೂಸಿನ ಕಿರುಬೆರಳಿಗೆ ಶಾಯಿ ಹಚ್ಚಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗುರುತು ಬರೆದು ಬಂದವಳು ಅಂಗನವಾಡಿಯ ಅಕ್ಕ, ಆಶಾ ಕಾರ್ಯಕರ್ತೆ. ಅವಳಿಗೆ ಸಿಗುವುದಕ್ಕೆ ಸಂಬಳ ಎಂದೂ ಹೆಸರಿಲ್ಲ, ಗೌರವಧನ ಎನ್ನುತ್ತಾರೆ. ದೇಶದ ಅತಿ ದೊಡ್ಡ ಪ್ರೊ ಬೊನೊ ಅವಳದು, ಮನಸ್ಸಿದ್ದೋ ಇಲ್ಲದೆಯೋ.

*

‘ಚಿಕ್ಕ ಸಂಸಾರ, ಚೊಕ್ಕ ಸಂಸಾರ’ ಬರೆದವರು ಯಾರೆಂದು ಗೋಡೆಗೂ ಗೊತ್ತಿಲ್ಲ, ಓದಿದವರಿಗೂ ಗೊತ್ತಿಲ್ಲ.

*

ಡಾ. ರಾಜ್‌ಕುಮಾರ್ ನಂದಿನಿ ಹಾಲಿನ ಜಾಹೀರಾತಿನಲ್ಲಿ ಸಂಭಾವನೆ ಪಡೆಯದೆ ಕಾಣಿಸಿಕೊಂಡರು. ಹಾಲು ರೈತರದು, ಒಕ್ಕೂಟ ರೈತರದು, ಅದಕ್ಕೆ. ಮಗ ಪುನೀತ್ ಅದೇ ದಾರಿ ಹಿಡಿದರು. ನಟನೊಬ್ಬನ ಮುಖಕ್ಕೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಎಂದು ಬಲ್ಲವರಿಗೆ ಈ ದಾನದ ಅಳತೆ ಗೊತ್ತು: ಏನು ಮಾರಿ ಬದುಕುತ್ತಾರೋ ಅದನ್ನೇ, ಅಷ್ಟೇ ತೂಕದಲ್ಲಿ, ಕೊಟ್ಟರು. ಹಳೆಯ ಬಟ್ಟೆ ಕೊಟ್ಟು ಹೋಗಲಿಲ್ಲ.

ತಂದೆ ನೇತ್ರದಾನದ ಮಾತಾಡಿದರು, 2006ರಲ್ಲಿ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಮೇಲಿನ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು. ಅದಕ್ಕೆ ಮುಂಚೆ ಎಷ್ಟೋ ವರ್ಷ ಎಷ್ಟೋ ಪೋಸ್ಟರುಗಳು ಆಸ್ಪತ್ರೆಯ ಗೋಡೆಗಳಲ್ಲಿ ಬಣ್ಣಗೆಟ್ಟು ನಿಂತಿದ್ದವು. ಹೇಳಿದವನೇ ಮಾಡಿದಾಗ ಜಾಹೀರಾತಿಗೆ ಕಾಪಿರೈಟರ್ ಬೇಡ.

*

ಸೊಲ್ಲಾಪುರ ರಸ್ತೆಯ ಆ ವೈದ್ಯಕೀಯ ಕಾಲೇಜು 1986ರದ್ದು. ಅದರ ಬೇರು 1910ರಲ್ಲಿದೆ, ಫ.ಗು. ಹಳಕಟ್ಟಿಯವರು ನಿಂತು ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯಲ್ಲಿ. ಧಾರವಾಡದಲ್ಲಿ ಹುಟ್ಟಿ ವಕೀಲಿಗೆ ವಿಜಾಪುರಕ್ಕೆ ಬಂದವರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಊರಿಗೆ ಬೇಕಾದದ್ದು ಒಂದೊಂದಾಗಿ. ಮುದ್ರಣಾಲಯಕ್ಕಾಗಿ ಮನೆ ಮಾರಿದರು.

ನಮ್ಮ ಊರಿನ ಪ್ರಿಂಟಿಂಗ್ ಪ್ರೆಸ್ಸಿನವರು, ಡಿಟಿಪಿಯವರು, ಫ್ಲೆಕ್ಸಿನವರು ತಮ್ಮ ಕಸುಬಿನ ಹಿರಿಯನ ಫೋಟೊ ಹಾಕಬೇಕೆಂದರೆ ಹಳಕಟ್ಟಿಯವರದೇ ಹಾಕಬೇಕು. ವಚನಗಳನ್ನು ತಾಳೆಗರಿಯಿಂದ ಇಳಿಸಿದ್ದು ಅವರ ವಿದ್ವತ್ತು, ಅದು ಎಲ್ಲರಿಗೂ ಗೊತ್ತಿದೆ. ಆದರೆ ಮೊಳೆ ಜೋಡಿಸಿ, ಕಾಗದ ಸಾಲ ತಂದು, ಅಂಚೆಗೆ ಹಾಕಿ, ವರ್ಗಣಿ ಬಾರದಿದ್ದರೂ ಮುಂದಿನ ಸಂಚಿಕೆ ಅಚ್ಚು ಹಾಕಿದ್ದು ಕಸುಬು. ಎಂಟುನೂರು ವರ್ಷ ಹಿಂದಿನವರ ಮಾತನ್ನು ಜನರಿಗೆ ಮುಟ್ಟಿಸಲು ಒಬ್ಬ ಮನುಷ್ಯ ತನ್ನ ಗಂಟು ಕರಗಿಸಿದ್ದು ಇದು. ಬಸವಣ್ಣ ಅವರಿಗೆ ಬಿಲ್ ಕಟ್ಟುವ ಗಿರಾಕಿಯಾಗಿರಲಿಲ್ಲ.

*

ಮನೆ ಮಾರಿ ಸೇವೆ ಮಾಡಿ ಎಂದು ಯಾರಿಗೂ ಹೇಳಲಾಗದು, ಹೇಳಲೂಬಾರದು. ಹಳಕಟ್ಟಿಯವರ ಹೆಸರು ಹೇಳಿಕೊಂಡು ಪ್ರೆಸ್ಸಿನವನ ಹತ್ತಿರ ಪುಕ್ಕಟೆ ಆಮಂತ್ರಣ ಪತ್ರಿಕೆ ಮಾಡಿಸಿಕೊಂಡು ಹೋಗುವವರಿಗೆ ಮಾತ್ರ ಹೇಳಬಹುದು: ಕಾಗದದ ದುಡ್ಡಾದರೂ ಕೊಡಿ.

*

ನಮ್ಮ ಸೊಲ್ಲಾಪುರ ರಸ್ತೆ ಝಳಕಿ ದಾಟಿ, ಧೂಳಖೇಡದ ಹತ್ತಿರ ಭೀಮೆ ದಾಟಿ, ನೂರು ಕಿಲೋಮೀಟರಿನಷ್ಟು ದೂರದ ಸೊಲ್ಲಾಪುರಕ್ಕೆ ಮುಟ್ಟುತ್ತದೆ. ಅದು ಸಿದ್ಧರಾಮನ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಅವನು ಕಟ್ಟಿಸಿದ ಕೆರೆಯ ನಡುವೆ ಇಂದೂ ಗುಡಿಯಿದೆ. ಅಲ್ಲಮ ಅಲ್ಲಿಗೆ ಬಂದು ‘ಎಲ್ಲಿ ನಿಮ್ಮ ಒಡ್ಡರಾಮ’ ಎಂದು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕೆರೆ ತೋಡುವುದು ತಪ್ಪು ಎಂದಲ್ಲ ಅಲ್ಲಮನ ತಕರಾರು, ‘ನಾನು ತೋಡಿಸಿದೆ’ ಎಂಬುದು ತಪ್ಪು. ಇದು ಓದಲು ಸಲೀಸು. ಆದರೆ ಒಡ್ಡರೆಂಬ ಹೆಸರನ್ನು ಬಯ್ಗುಳವಾಗಿ ಬಳಸಿದ್ದು ನನಗಿನ್ನೂ ಚುಚ್ಚುತ್ತದೆ. ಕೆರೆಯ ಮಣ್ಣು ಹೊತ್ತವರು ಅವರೇ, ‘ನಾನು ಮಾಡಿದೆ’ ಎಂದು ಅವರೆಲ್ಲೂ ಬರೆಸಿಕೊಂಡಿಲ್ಲ.

*

ಹೆಸರು ಹಾಕುವುದು ಅಹಂಕಾರ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ನಮ್ಮ ದಾನಶಾಸನಗಳನ್ನು ನೋಡಿ: ಯಾರು ಕೊಟ್ಟರು, ಎಷ್ಟು ಮತ್ತರು ಭೂಮಿ, ಯಾವ ಗುಡಿಗೆ, ಯಾವ ದಿನ, ಎಲ್ಲ ಕಲ್ಲಿನಲ್ಲಿ ಕೊರೆದಿದೆ. ಕೊನೆಗೆ ಅದನ್ನು ಅಳಿಸಿದವನಿಗೆ ಶಾಪ. ಅಲ್ಲಿ ಹೆಸರು ಇರುವುದು ಮೆರೆಯುವುದಕ್ಕಷ್ಟೇ ಅಲ್ಲ, ಸಿಕ್ಕಿಹಾಕಿಕೊಳ್ಳುವುದಕ್ಕೆ. ಕೊಟ್ಟ ಮಾತಿಗೆ ಮುಂದಿನ ಪೀಳಿಗೆಯೂ ಹೊಣೆ. ಇಂದಿನ ಪ್ರಾಯೋಜಕರ ಫಲಕದಲ್ಲಿ ಹೆಸರು ಆ ಕಲ್ಲಿಗಿಂತ ದೊಡ್ಡದು. ಎಷ್ಟು ಕೊಟ್ಟರು, ಎಲ್ಲಿಯವರೆಗೆ ಕೊಡುತ್ತಾರೆ ಎಂಬ ಸಾಲು ಮಾತ್ರ ಇಲ್ಲ. ಶಾಪದ ಸಾಲನ್ನೂ ಕೈಬಿಟ್ಟಿದ್ದಾರೆ.

*

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ್ದು ಈಗ ತಿಕೋಟಾ ತಾಲೂಕಿನಲ್ಲಿರುವ ಬಿಜ್ಜರಗಿಯಲ್ಲಿ. ಅಂಗಿಗೆ ಜೇಬಿರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ಪತ್ರ ಬರೆದು ಬೇಡವೆಂದರು. ತಮ್ಮ ದೇಹವನ್ನು ಅಗ್ನಿಗೆ ಕೊಡಿ, ಸ್ಮಾರಕ ಕಟ್ಟಬೇಡಿ ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ಹೋದಾಗ ಈ ಊರಿಗೆ ಬಂದ ಜನಸಾಗರವನ್ನು ಯಾವ ಏಜೆನ್ಸಿಯೂ ಕರೆದಿರಲಿಲ್ಲ.

ಅವರ ಭಾವಚಿತ್ರದ ಫ್ಲೆಕ್ಸಿನ ಕೆಳಗೆ ಹಾಕಿಸಿದವರ ಹೆಸರು, ಹುದ್ದೆ, ಪಕ್ಷ. ಜೇಬಿಲ್ಲದವರ ಚಿತ್ರದಲ್ಲೂ ನಾವೊಂದು ಜೇಬು ಹೊಲಿದುಬಿಟ್ಟೆವು.

*

ಬೆಂಗಳೂರಿನಲ್ಲಿ 2010ರಿಂದ ‘ದಿ ಅಗ್ಲಿ ಇಂಡಿಯನ್’ ಎಂಬ ಗುಂಪು ಕಸದ ಮೂಲೆಗಳನ್ನು ಹುಡುಕಿ ಒಂದೊಂದನ್ನೇ ಸ್ವಚ್ಛ ಮಾಡುತ್ತ ಬಂದಿದೆ. ಕೆಲಸ ಚಾಲೂ, ಬಾಯಿ ಬಂದ್ ಎಂಬುದು ಅವರ ನಿಯಮ. ಕಟ್ಟಿದವರು ಹೆಸರು ಹೇಳಲಿಲ್ಲ, ಮುಖ ತೋರಿಸಲಿಲ್ಲ. ಇದಕ್ಕಿಂತ ಜಾಣ ಪ್ರಚಾರವನ್ನು ಜಾಹೀರಾತಿನವರೂ ಮಾಡಿಲ್ಲ ಎಂದರೆ ಅವರಿಗೆ ಬೇಸರವಾಗಲಾರದು ಅಂದುಕೊಳ್ಳುತ್ತೇನೆ.

*

ವಾರಾಂತ್ಯದ ಸ್ವಯಂಸೇವಕರು ಸರ್ಕಾರಿ ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾರೆ. ಆನೆಗೆ ಸೊಂಡಿಲು ಗಿಡ್ಡ, ಭಾರತದ ನಕ್ಷೆಯಲ್ಲಿ ಗುಜರಾತು ಸೊಟ್ಟ. ಅದೇ ಊರಿನಲ್ಲಿ ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಪೇಂಟರ್ ಇದ್ದಾನೆ. ಅಂಗಡಿ ಹೆಸರನ್ನು ನೂಲು ಹಿಡಿಯದೆ ಬರೆಯುತ್ತಿದ್ದವನು, ಈಗ ಲಾರಿಯ ಹಿಂದೆ ನಂಬರ್ ಬರೆಯುತ್ತಾನೆ. ಆ ಗುಂಪಿನವರು ತಮ್ಮ ಒಂದು ದಿನದ ಬಸ್ ಖರ್ಚು, ಊಟದ ಖರ್ಚು ಕೂಡಿಸಿ ಅವನಿಗೆ ಕೊಟ್ಟು ಮನೆಯಲ್ಲೇ ಮಲಗಿದ್ದರೆ ಗೋಡೆಗೂ ಒಳ್ಳೆಯದಿತ್ತು, ಅವನಿಗೂ. ಆದರೆ ಅದರಲ್ಲಿ ಸೆಲ್ಫಿ ಇಲ್ಲ.

*

ಜೂನ್ 5ರ ಪರಿಸರ ದಿನದಂದು ಒಂದು ಸಸಿಗೆ ಹದಿನಾರು ಕೈ. ಏಪ್ರಿಲ್‌ನಲ್ಲಿ, ಈ ಬಿಸಿಲನಾಡಿನಲ್ಲಿ, ಅದೇ ಸಸಿಗೆ ನೀರು ಹಾಕುವ ಟ್ಯಾಂಕರಿನವನ ಕೈ ಫೋಟೊದಲ್ಲಿಲ್ಲ.

*

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸು, ಬ್ಯಾನರುಗಳನ್ನು ನಿಷೇಧಿಸಿತು. ಪರಿಸರ ದಿನದ ಶುಭಾಶಯ ಇನ್ನೂ ಫ್ಲೆಕ್ಸಿನಲ್ಲೇ ಬರುತ್ತಿದೆ. ಬಟ್ಟೆಯ ಬ್ಯಾನರಿನಲ್ಲಿ ಮುಖ ಅಷ್ಟು ಬೆಳ್ಳಗೆ ಬರುವುದಿಲ್ಲ ಎಂಬುದು ಒಳಗಿನ ಮಾತು.

*

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಂಡತಿ ಲಕ್ಕಮ್ಮ ಇದನ್ನು ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ಹೆಚ್ಚಾದದ್ದನ್ನು ನಾಕು ಮಂದಿಗೆ ಹಂಚೋಣ ಎನ್ನಲಿಲ್ಲ. ದಾಸೋಹದ ಮಾತು ಕೊಡುವಾಗ ಶುರುವಾಗುವುದಿಲ್ಲ, ಗಳಿಸುವಾಗಲೇ ಶುರುವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

2013ರ ಮೇ ತಿಂಗಳಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಎಂದು ಎರಡು ತೋರಣ ಕಟ್ಟಿದರು. ತಂಬಾಕಿನ ಜಾಹೀರಾತಿಗೆ 2003ರ ಕಾಯ್ದೆಯ ತಡೆಯಿದೆ, ಅದಕ್ಕೇ ಸಿನಿಮಾ ನಟರು ಅದೇ ಹೆಸರಿನ ಏಲಕ್ಕಿ ತಿನ್ನುತ್ತಾರೆ. ಆ ಏಲಕ್ಕಿಗೆ ವಾರವಿಡೀ ಚಿತ್ರ ತೆಗೆದ ಕಂಪನಿ ಭಾನುವಾರ ಬಾಯಿ ಕ್ಯಾನ್ಸರ್ ಜಾಗೃತಿಗೆ ಪುಕ್ಕಟೆ ಪೋಸ್ಟರು ಮಾಡಿಕೊಟ್ಟರೆ ಲಕ್ಕಮ್ಮ ಏನೆನ್ನುತ್ತಿದ್ದಳು ಎಂಬುದನ್ನು ಬೇರೆ ಹೇಳಬೇಕಿಲ್ಲ.

*

ಎಲ್ಲರೂ ಲಕ್ಕಮ್ಮನಾಗಲಾರರು, ಅಂಗಡಿ ಬಾಡಿಗೆ ಕಟ್ಟಬೇಕು. ಒಪ್ಪಿದೆ. ಹಾಗಿದ್ದರೆ ಆ ಪೋಸ್ಟರನ್ನು ಸಂಬಳ ಕೊಟ್ಟು ಬೇರೆಯವರಿಂದ ಮಾಡಿಸಿ, ಪುಕ್ಕಟೆ ಎನ್ನಬೇಡಿ. ಅದು ಸಾಲ ತೀರಿಸುವುದು.

*

1990ರ ದಶಕದ ಆರಂಭದ ಸಾಕ್ಷರತಾ ಆಂದೋಲನ ಬಾಗಲಕೋಟೆ ಇನ್ನೂ ಕೂಡಿದ್ದ ಅಂದಿನ ವಿಜಾಪುರ ಜಿಲ್ಲೆಗೂ ಬಂದಿತ್ತು. ಕಂದೀಲಿನ ಬೆಳಕಿನಲ್ಲಿ ಪಾಠ ಹೇಳಿದ ಹುಡುಗ ಹುಡುಗಿಯರಿಗೆ ಬಿಡಿಗಾಸಿಲ್ಲ. ಅವರನ್ನು ಕರೆದದ್ದು ಬೀದಿನಾಟಕ, ಜಾಥಾ, ಹಾಡು. ಹೆಬ್ಬೆಟ್ಟು ಒತ್ತುತ್ತಿದ್ದ ಮುದುಕಿಯರು ಹೆಸರು ಬರೆಯಲು ಕಲಿತರು. ಕೆಲವರು ಆಮೇಲೆ ಮರೆತರು, ಆ ಮಾತೂ ನಿಜ. ಪ್ರಚಾರ ಮುಗಿದ ಮೇಲೂ ಕೆಲಸ ಮುಗಿದಿರುವುದಿಲ್ಲ ಎಂಬುದು ಜಾಹೀರಾತಿನವರಿಗೆ ಕೊನೆಗೆ ತಿಳಿಯುವ ಸಂಗತಿ. ಶಾಲೆಯವರಿಗೆ ಮೊದಲ ದಿನವೇ ತಿಳಿದಿರುತ್ತದೆ.

*

ಮೇ ತಿಂಗಳು. ತಿಕೋಟಾ ಕಡೆಯ ಯಾವುದೋ ಸರ್ಕಾರಿ ಕನ್ನಡ ಶಾಲೆಯ ಹೆಡ್ ಮಾಸ್ತರು ಡಿಟಿಪಿ ಅಂಗಡಿಗೆ ಬರುತ್ತಾರೆ. ಇಂಥವರು ಪ್ರತಿ ಬೇಸಿಗೆಯಲ್ಲೂ ಬರುತ್ತಾರೆ, ಮಾತೂ ಹೆಚ್ಚುಕಡಿಮೆ ಇದೇ.

‘ದಾಖಲಾತಿ ಕಮ್ಮಿ ಆಗೇತ್ರಿ. ಮಂದಿ ಎಲ್ಲಾ ಇಂಗ್ಲಿಷ್ ಸಾಲಿ ಬಸ್ಸಿಗೆ ಹತ್ತಸಾಕತ್ತಾರ. ಒಂದು ಕರಪತ್ರ ಮಾಡಿಕೊಡ್ರಿ. ಎಸ್‌ಡಿಎಂಸಿ ಖಾತೆದಾಗ ರೊಕ್ಕಿಲ್ಲ.’

‘ರೊಕ್ಕದ್ದು ಇರ್ಲಿ ಬಿಡ್ರಿ ಗುರುಗಳ. ಸಾಲ್ಯಾಗ ಏನೈತಿ ಹೇಳ್ರಿ.’

‘ಬಿಸಿಯೂಟ ಐತಿ, ಹಾಲು ಐತಿ, ಪುಸ್ತಕ, ಸಮವಸ್ತ್ರ...’

‘ಅದು ಎಲ್ಲಾ ಸರ್ಕಾರಿ ಸಾಲ್ಯಾಗ ಐತ್ರಿ. ನಿಮ್ಮ ಸಾಲ್ಯಾಗ ಏನೈತಿ?’

ಮಾಸ್ತರು ಟೊಪ್ಪಿಗೆ ತೆಗೆದು ಮೇಜಿನ ಮೇಲಿಡುತ್ತಾರೆ. ಸ್ವಲ್ಪ ಹೊತ್ತು ಫ್ಲೆಕ್ಸ್ ಮಷಿನ್ನಿನ ಸದ್ದು. ‘ನಾಕನೇತ್ತೆ ಹುಡುಗೂರು ದಿನಾ ಪ್ರಾರ್ಥನಾ ಆದಮ್ಯಾಲ ಪೇಪರ್ ಜೋರಾಗಿ ಓದ್ತಾರ್ರಿ. ತಪ್ಪಿಲ್ದ. ಆ ಬಸ್ಸಿನ ಹುಡುಗೂರಿಗೆ ಬರೂದಿಲ್ಲ.’

‘ಇದನ್ನ ಮ್ಯಾಲ ಹಾಕೂಣು. ದೊಡ್ಡ ಅಕ್ಷರದಾಗ. ಬಿಸಿಯೂಟ ಕೆಳಗ.’

‘ಶಾಸಕರ ಫೋಟೊ?’

‘ಹುಡುಗೂರು ಪೇಪರ್ ಓದೂ ಫೋಟೊ ಐತೇನ್ರಿ ಫೋನಿನ್ಯಾಗ? ಅದನ್ನ ಕಳಸ್ರಿ.’

ಒಂದೇ ಬಣ್ಣ, ಐದುನೂರು ಪ್ರತಿ. ಕಾಗದದ ಖರ್ಚನ್ನು ಆ ಶಾಲೆಯಲ್ಲೇ ಕಲಿತು ಈಗ ಒಣದ್ರಾಕ್ಷಿ ವ್ಯಾಪಾರ ಮಾಡುವ ಒಬ್ಬರ ಮೇಲೆ ಹಾಕುವುದೆಂದು ಮಾತಾಗುತ್ತದೆ. ಅವರ ಹೆಸರು ಹಾಕಬೇಕೇ ಎಂಬ ಬಗ್ಗೆ ಸಣ್ಣ ಚರ್ಚೆ. ತಳದಲ್ಲಿ, ಸಣ್ಣಕ್ಷರದಲ್ಲಿ ಎಂದು ರಾಜಿ.

‘ಫೋನ್ ನಂಬರ್ ಯಾರ್ದು ಹಾಕ್ಲಿ?’

‘ನಂದ ಹಾಕ್ರಿ.’

‘ಸೂಟಿಯಾಗ ಫೋನ್ ಎತ್ತತೀರಿಲ್ಲೊ ಗುರುಗಳ?’